ಮಾದರಿ ರೈಲು ಎಂಜಿನ್ ಪಳಗಿಸುವುದು: ಒಂದು ಮೀಟರ್ ಹಳಿ, ಒಂದು ನಿಮಿಷ

ಮಾದರಿ ರೈಲು ಎಂಜಿನ್ ಎಷ್ಟು ಜೋರಾಗಿ ಓಡುತ್ತದೆ ಅಂತ ನೋಡಿ ಅದರ ಗುಣ ಅಳೆಯಬೇಡಿ. 12 ವೋಲ್ಟ್ ಕೊಟ್ಟರೆ ಹೆಚ್ಚುಕಮ್ಮಿ ಎಲ್ಲ ಎಂಜಿನ್‌ಗಳೂ ಓಡುತ್ತವೆ. ಎಷ್ಟು ನಿಧಾನವಾಗಿ, ತಡವರಿಸದೆ, ಒಂದೊಂದೇ ಸ್ಲೀಪರ್ (ಹಳಿಯ ಕೆಳಗಿನ ಅಡ್ಡಪಟ್ಟಿ) ದಾಟಿಕೊಂಡು ಹೋಗುತ್ತದೆ ಅನ್ನೋದನ್ನ ನೋಡಿ. ಎಚ್‌ಓ ಅಳತೆಯಲ್ಲಿ, ಅಂದರೆ 1:87ರಲ್ಲಿ, ಒಂದು ಮೀಟರ್ ಹಳಿ ಅಂದರೆ ನಿಜವಾದ 87 ಮೀಟರ್. ಯಾರ್ಡ್‌ನಲ್ಲಿ ಡಬ್ಬಿ ಜೋಡಿಸಲು ಬರುವ ಎಂಜಿನ್ ಮನುಷ್ಯ ನಡೆಯುವಷ್ಟು ವೇಗದಲ್ಲಿ, ಗಂಟೆಗೆ ಸುಮಾರು 5 ಕಿ.ಮೀ.ನಲ್ಲಿ ಬರುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಎಂಜಿನ್ ಒಂದು ಮೀಟರ್ ದಾಟಲು ಹತ್ತಿರ ಹತ್ತಿರ ಒಂದು ನಿಮಿಷ ತೆಗೆದುಕೊಳ್ಳಬೇಕು, ನಡುವೆ ಎಲ್ಲೂ ನಿಲ್ಲಬಾರದು, ಕೈಯಿಂದ ತಳ್ಳಬಾರದು.

ಡಬ್ಬದಿಂದ ತೆಗೆದ ಕೂಡಲೇ ಇದನ್ನ ಮಾಡಿ ತೋರಿಸುವ ಎಂಜಿನ್‌ಗಳು ಇವೆ, ಆದರೆ ಕಮ್ಮಿ. ಉಳಿದವನ್ನ ನಾವೇ ಆ ಮಟ್ಟಕ್ಕೆ ತರಬೇಕು. ಅದಕ್ಕೆ ದುಬಾರಿ ಉಪಕರಣ ಬೇಡ, ತಾಳ್ಮೆ ಬೇಕು, ಮತ್ತು ಕೆಲಸದ ಕ್ರಮ ತಪ್ಪಬಾರದು: ಮೊದಲು ಪರೀಕ್ಷೆ, ಆಮೇಲೆ ಪಳಗಿಸುವುದು (ಹಗುರವಾಗಿ ಓಡಿಸಿ ಒಳಗಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡುವುದು), ಆಮೇಲೆ ಗೇರು ಮತ್ತು ಎಣ್ಣೆ, ಆಮೇಲೆ ಕರೆಂಟು ಸರಾಗವಾಗಿ ಬರುವಂತೆ ನೋಡಿಕೊಳ್ಳುವುದು, ಆಮೇಲೆ ತೂಕ, ಕಟ್ಟಕಡೆಗೆ ಡಿಕೋಡರ್ (ಎಂಜಿನ್ನೊಳಗೆ ಕೂತು ಡಿಜಿಟಲ್ ಆದೇಶ ಓದಿ ಮೋಟಾರು ನಡೆಸುವ ಸಣ್ಣ ಸರ್ಕ್ಯೂಟ್). ತುಂಬ ಜನ ಇದನ್ನ ಉಲ್ಟಾ ಮಾಡುತ್ತಾರೆ. ಎಂಜಿನ್ ತಡವರಿಸಿದರೆ ಮೊದಲು ಹೊಸ ಡಿಕೋಡರ್ ಆರ್ಡರ್ ಮಾಡುತ್ತಾರೆ, ಗಾಲಿ ಮೇಲಿನ ಕಪ್ಪು ಕೊಳೆ ಹಾಗೇ ಇರುತ್ತದೆ.

ಇಲ್ಲಿ ಹೇಳುವುದೆಲ್ಲ ಎಚ್‌ಓ ಮತ್ತು ಬ್ರಿಟನ್ನಿನ ಓಓ ಅಳತೆಯ, ಎರಡು ಹಳಿಯಲ್ಲಿ 12 ವೋಲ್ಟ್ ಡಿಸಿ ಕರೆಂಟಿನಿಂದ ಓಡುವ ಎಂಜಿನ್‌ಗಳ ಬಗ್ಗೆ. ಓಓ ಅಂದರೆ 1:76.2. ಎರಡಕ್ಕೂ ಹಳಿಯ ಅಗಲ ಒಂದೇ, 16.5 ಮಿ.ಮೀ. ಇನ್ನೂ ಚಿಕ್ಕದಾದ ಎನ್ ಅಳತೆಯವರಿಗೂ ಕ್ರಮ ಇದೇ, ಕೈ ಇನ್ನೂ ಹಗುರ ಇರಬೇಕು ಅಷ್ಟೆ.

ಪ್ಲಗ್ ಹಾಕುವ ಮುಂಚೆ

ಅಮೆರಿಕದಿಂದ ಅಥವಾ ಜಪಾನಿನಿಂದ ಪೂರ್ತಿ ಸೆಟ್ ತರಿಸಿದ್ದರೆ ಮೊದಲು ಪವರ್ ಪ್ಯಾಕ್ ತಿರುಗಿಸಿ ಅದರ ಹಿಂದಿನ ಚೀಟಿ ಓದಿ. ಅಮೆರಿಕದ್ದು 120 ವೋಲ್ಟ್, ಜಪಾನಿನದ್ದು 100 ವೋಲ್ಟ್. ನಮ್ಮ ಮನೆಯಲ್ಲಿ ಬರುವುದು 230. ಪಿನ್ ಬದಲಾಯಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ಅದನ್ನ ಹಾಕಿ ನೇರ ಗೋಡೆಗೆ ಚುಚ್ಚಿದರೆ ಪ್ಯಾಕ್ ಸುಟ್ಟುಹೋಗುತ್ತದೆ. ಚೀಟಿಯಲ್ಲಿ 100–240 ವೋಲ್ಟ್ ಅಂತ ಇದ್ದರೆ ಮಾತ್ರ ಧೈರ್ಯವಾಗಿ ಹಾಕಿ. ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತನ್ನಿ, ಅಥವಾ ಇಲ್ಲಿಯ ವೋಲ್ಟೇಜಿಗೆ ಹೊಂದುವ ಬೇರೆ ಕಂಟ್ರೋಲರ್ ಬಳಸಿ.

ಇನ್ನೊಂದು ಮಾತು. ನೆಂಟರ ಕೈಯಲ್ಲಿ ಹೊರದೇಶದಿಂದ ಎಂಜಿನ್ ತರಿಸುವವರು ಸಾಧ್ಯವಾದರೆ ಅಲ್ಲೇ ಒಂದು ಸಲ ಓಡಿಸಿ ನೋಡಲು ಹೇಳಿ. ಇಲ್ಲಿಗೆ ಬಂದ ಮೇಲೆ ದೋಷ ಕಂಡರೆ ವಾಪಸ್ ಕಳಿಸುವ ಖರ್ಚಿಗೇ ಅರ್ಧ ಎಂಜಿನ್ ಬರುತ್ತದೆ.

ಈಗ ಎಂಜಿನ್ ಕೈಗೆ ತೆಗೆದುಕೊಳ್ಳಿ. ಕೈಹಿಡಿ, ಪೈಪು, ಕನ್ನಡಿಯಂಥ ಸಣ್ಣ ಭಾಗಗಳ ಪೊಟ್ಟಣವನ್ನ ಪಕ್ಕಕ್ಕಿಡಿ. ಅವನ್ನ ಈಗಲೇ ಅಂಟಿಸಬೇಡಿ, ಎಂಜಿನ್ ವಾಪಸ್ ಕಳಿಸಬೇಕಾಗಿ ಬಂದರೆ ತೊಂದರೆ. ಜೊತೆಗೆ ಬಂದ ಕಾಗದ ಓದಿ, ಎಣ್ಣೆ ಎಲ್ಲಿ ಹಾಕಬೇಕು ಅನ್ನೋ ಚಿತ್ರ ಅದರಲ್ಲೇ ಇರುತ್ತದೆ. ಗಾಲಿಗಳ ನಡುವೆ ಸ್ಪಂಜಿನ ಚೂರು, ಪ್ಲಾಸ್ಟಿಕ್ ಹಾಳೆಯ ತುಣುಕು ಸಿಕ್ಕಿಕೊಂಡಿದೆಯಾ ನೋಡಿ. ಗಾಲಿಯನ್ನ ಬೆರಳಿಂದ ತಿರುಗಿಸಲು ಹೋಗಬೇಡಿ. ಈಗಿನ ಹೆಚ್ಚಿನ ಎಂಜಿನ್‌ಗಳಲ್ಲಿ ಮೋಟಾರು ವರ್ಮ್ ಗೇರ್ (ಸ್ಕ್ರೂ ಆಕಾರದ ಗೇರು) ಮೂಲಕ ಗಾಲಿ ತಿರುಗಿಸುತ್ತದೆ. ವರ್ಮ್ ಗಾಲಿಯನ್ನ ತಿರುಗಿಸಬಲ್ಲದು, ಗಾಲಿ ವರ್ಮನ್ನ ತಿರುಗಿಸಲಾರದು. ಒತ್ತಿ ತಿರುಗಿಸಿದರೆ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ಮಕ್ಕಳು ನೆಲದ ಮೇಲಿಟ್ಟು ತಳ್ಳುವುದಕ್ಕೂ ಇದೇ ಕಾರಣಕ್ಕೆ ಬಿಡಬಾರದು.

ವರ್ನಿಯರ್ ಕ್ಯಾಲಿಪರ್ ಇದ್ದರೆ ಒಂದೇ ಅಚ್ಚಿನ (ಆಕ್ಸಲ್) ಎರಡು ಗಾಲಿಗಳ ಒಳಮುಖಗಳ ನಡುವಿನ ಅಂತರ ಅಳೆಯಿರಿ. ಓಓದಲ್ಲಿ 14.5 ಮಿ.ಮೀ., ಎಚ್‌ಓದಲ್ಲಿ 14.4ರ ಆಸುಪಾಸು ಇರಬೇಕು. ಕಮ್ಮಿ ಇದ್ದರೆ ಪಾಯಿಂಟ್‌ಗಳಲ್ಲಿ (ಒಂದು ಹಳಿಯಿಂದ ಇನ್ನೊಂದಕ್ಕೆ ಕವಲೊಡೆಯುವ ಜಾಗ) ಎಂಜಿನ್ ಎಗರುತ್ತದೆ, ಜಾಸ್ತಿ ಇದ್ದರೆ ಹಳಿಗೆ ಬಿಗಿಯುತ್ತದೆ. ಎಂಜಿನ್ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಳಿ ತಪ್ಪುತ್ತಿದ್ದರೆ ಹಳಿಯನ್ನ ಬೈಯುವ ಮೊದಲು ಈ ಅಂತರ ನೋಡಿ.

ಪಳಗಿಸುವುದು ಯಾಕೆ ಬೇಕು

ಮೋಟಾರಿನೊಳಗೆ ಎರಡು ಕಾರ್ಬನ್ ಬ್ರಷ್‌ಗಳು ಮೋಟಾರಿನ ಜೊತೆ ತಿರುಗುವ ಕಮ್ಯುಟೇಟರ್ ಎಂಬ ಲೋಹದ ಉರುಳೆಯನ್ನ ಒತ್ತಿಕೊಂಡಿರುತ್ತವೆ. ಕರೆಂಟು ಹೋಗುವುದು ಅಲ್ಲಿಂದಲೇ. ಕಮ್ಯುಟೇಟರ್ ದುಂಡಗೆ, ಹೊಸ ಬ್ರಷ್ಷಿನ ಮುಖ ಅದಕ್ಕೆ ಪೂರ್ತಿ ಹೊಂದಿಕೊಂಡಿರುವುದಿಲ್ಲ. ಹಾಗಾಗಿ ಶುರುವಿನಲ್ಲಿ ಅವು ತಾಗುವುದು ಸಣ್ಣ ಗೆರೆಯಷ್ಟು ಜಾಗದಲ್ಲಿ. ಅಷ್ಟರಲ್ಲೇ ಪೂರ್ತಿ ಕರೆಂಟು ಹರಿಯಬೇಕು, ಕಿಡಿ ಹಾರುತ್ತದೆ, ಮೋಟಾರು ಒಂದೊಂದು ಸಲ ಎಳೆಯುತ್ತದೆ ಒಂದೊಂದು ಸಲ ಇಲ್ಲ. ಹಗುರ ಹೊರೆಯಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಬ್ರಷ್ ಸವೆದು ಕಮ್ಯುಟೇಟರಿನ ದುಂಡಗಿನ ಆಕಾರ ಪಡೆಯುತ್ತದೆ, ತಾಗುವ ಜಾಗ ಅಗಲವಾಗುತ್ತದೆ. ಇದೇ ಹೊತ್ತಿನಲ್ಲಿ ಗೇರ್ ಹಲ್ಲುಗಳ ಅಂಚಿನಲ್ಲಿ ಅಚ್ಚಿನಿಂದ ಉಳಿದ ಸಿಬಿರು ಹೋಗುತ್ತದೆ, ಗ್ರೀಸು ಹಲ್ಲುಗಳ ಮೇಲೆಲ್ಲ ಹರಡುತ್ತದೆ, ಎಣ್ಣೆ ಬೇರಿಂಗಿನೊಳಗೆ ಇಳಿಯುತ್ತದೆ.

ದೊಡ್ಡ ರೈಲುಗಳಲ್ಲೂ ಇದು ಇತ್ತು. ಇಂಗ್ಲೆಂಡಿನ ಕ್ರೂ ಕಾರ್ಖಾನೆಯಿಂದ ರಿಪೇರಿಯಾಗಿ ಹೊರಬಂದ ಉಗಿ ಎಂಜಿನ್‌ಗಳನ್ನ ನೇರವಾಗಿ ಎಕ್ಸ್‌ಪ್ರೆಸ್ ಗಾಡಿಗೆ ಕಟ್ಟುತ್ತಿರಲಿಲ್ಲ, ಮೊದಲು ಶ್ರೂಸ್‌ಬರಿ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿಗಳಿಗೆ ಹಾಕಿ ಬೇರಿಂಗು ಬಿಸಿಯಾಗುತ್ತದಾ ಅಂತ ನೋಡುತ್ತಿದ್ದರು. ನಮ್ಮ ಡೀಸೆಲ್ ಶೆಡ್‌ಗಳಲ್ಲೂ ದೊಡ್ಡ ರಿಪೇರಿ ಆದ ಎಂಜಿನ್ನನ್ನ ಲೋಡ್ ಬಾಕ್ಸ್ ಪರೀಕ್ಷೆ (ನಿಂತಲ್ಲೇ ಹೊರೆ ಕೊಟ್ಟು ನೋಡುವುದು) ಮಾಡದೆ ಗಾಡಿಗೆ ಕೊಡುವುದಿಲ್ಲ. ನಮ್ಮ ಮೇಜಿನ ಮೇಲಿನ ಎಂಜಿನ್ನಿಗೂ ಅಷ್ಟು ಗೌರವ ಕೊಡೋಣ ಅಲ್ವಾ.

ಪಳಗಿಸುವ ಕ್ರಮ

ಹಳಿ ಒರೆಸಿ. ನೇರ ಹಳಿ ಸಾಲದು, ಸುತ್ತು ಬೇಕು. ಉದ್ದದ ಡೀಸೆಲ್ ಎಂಜಿನ್ ಆದರೆ 438 ಮಿ.ಮೀ. ತ್ರಿಜ್ಯದ ತಿರುವಾದರೂ ಇರಲಿ, 505 ಸಿಕ್ಕರೆ ಇನ್ನೂ ಒಳ್ಳೆಯದು. ತೀರಾ ಬಿಗಿ ತಿರುವಿನಲ್ಲಿ ಹೊಸ ಎಂಜಿನ್ನನ್ನ ಗಂಟೆಗಟ್ಟಲೆ ತಿರುಗಿಸಿದರೆ ಗಾಲಿಯ ಅಂಚು ಹಳಿಗೆ ಉಜ್ಜುವುದೇ ಆಗುತ್ತದೆ.

ಎಂಜಿನ್ ಡಿಸಿಸಿಗೆ (ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ಪದ್ಧತಿ) ತಯಾರಿದ್ದು ಒಳಗೆ ಡಿಕೋಡರ್ ಇನ್ನೂ ಹಾಕಿಲ್ಲ ಅಂದರೆ, ಡಿಕೋಡರಿನ ಜಾಗದಲ್ಲಿರುವ ಖಾಲಿ ಪ್ಲಗ್ ಹಾಗೇ ಇರಲಿ. ಮೊದಲು ಸಾದಾ ಡಿಸಿ ಕಂಟ್ರೋಲರಿನಲ್ಲೇ ಪಳಗಿಸಿ. ದೋಷ ಮೋಟಾರಿನದಾ ಡಿಕೋಡರಿನದಾ ಅನ್ನೋ ಗೊಂದಲ ಇರುವುದಿಲ್ಲ. ಡಿಕೋಡರ್ ಇಲ್ಲದ ಎಂಜಿನ್ನನ್ನ ಡಿಸಿಸಿ ಹಳಿಯ ಮೇಲೆ ಮಾತ್ರ ಇಡಬೇಡಿ. ನಿಂತಲ್ಲೇ ಝೇಂಕರಿಸುತ್ತ ಮೋಟಾರು ಬಿಸಿಯಾಗುತ್ತದೆ, ಒಳಗೆ ಕೋರ್‌ಲೆಸ್ ಮೋಟಾರು (ಸುರುಳಿಯ ನಡುವೆ ಕಬ್ಬಿಣದ ತಿರುಳಿಲ್ಲದ್ದು) ಇದ್ದರೆ ಬೇಗನೆ ಸುಡುತ್ತದೆ.

ಮೊದಲ ಐದು ನಿಮಿಷ ತುಂಬಾ ನಿಧಾನ. ಕೈ ಕಂಟ್ರೋಲರ್ ಮೇಲೇ ಇರಲಿ, ಮೂಗು ಎಂಜಿನ್ ಹತ್ತಿರ ಇರಲಿ. ಸ್ವಲ್ಪ ಬಿಸಿ ಎಣ್ಣೆಯ ವಾಸನೆ ಬಂದರೆ ಪರವಾಗಿಲ್ಲ. ಸುಟ್ಟ ವಾಸನೆ ಬಂದರೆ ತಕ್ಷಣ ಆಫ್ ಮಾಡಿ.

ಆಮೇಲೆ ಡಬ್ಬಿ ಏನೂ ಕಟ್ಟದೆ ಮೂರನೇ ಒಂದು ಭಾಗದಿಂದ ಅರ್ಧದವರೆಗಿನ ವೇಗದಲ್ಲಿ ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಓಡಿಸಿ. ನಂತರ ಎಂಜಿನ್ನನ್ನ ಎತ್ತಿ ಮುಖ ಈ ಕಡೆಯಿಂದ ಆ ಕಡೆಗೆ ತಿರುಗಿಸಿಟ್ಟು ಮತ್ತೆ ಅಷ್ಟೇ ಹೊತ್ತು ಓಡಿಸಿ. ಈ ಎರಡನೆಯದನ್ನ ಬಹಳ ಜನ ಬಿಟ್ಟುಬಿಡುತ್ತಾರೆ. ಸುತ್ತು ಹಳಿಯಲ್ಲಿ ತಿರುವು ಯಾವಾಗಲೂ ಒಂದೇ ಪಕ್ಕಕ್ಕೆ ಇರುತ್ತದೆ. ಎಂಜಿನ್ ತಿರುಗಿಸದಿದ್ದರೆ ಒಂದು ಪಕ್ಕದ ಗಾಲಿ, ಬೇರಿಂಗು ಮಾತ್ರ ಪಳಗಿ ಇನ್ನೊಂದು ಪಕ್ಕ ಹೊಸದಾಗೇ ಉಳಿಯುತ್ತದೆ. ಕೊನೆಗೆ ಎರಡು ಮೂರು ಡಬ್ಬಿ ಕಟ್ಟಿ ಕಾಲು ಗಂಟೆ ಆ ಕಡೆ, ಕಾಲು ಗಂಟೆ ಈ ಕಡೆ.

ಪೂರ್ತಿ ಹೊತ್ತು ಒಂದೇ ವೇಗದಲ್ಲಿ ಬಿಟ್ಟು ಎದ್ದು ಹೋಗಬೇಡಿ. ವೇಗ ಆಗಾಗ ಏರಿಸಿ ಇಳಿಸಿ, ನಿಲ್ಲಿಸಿ, ಮತ್ತೆ ಹೊರಡಿಸಿ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಮೋಟಾರು ಇರುವ ಜಾಗದ ಮೇಲೆ ಬೆರಳಿಡಿ. ಬೆಚ್ಚಗಿದ್ದರೆ ಸರಿ, ಬೆರಳಿಡಲು ಆಗದಷ್ಟು ಬಿಸಿ ಇದ್ದರೆ ಸರಿಯಿಲ್ಲ.

ಗಾಲಿ ತಿರುಗಿದರೂ ಎಂಜಿನ್ ಅಲ್ಲೇ ನಿಂತಿರುವ ರೋಲರ್ ಸ್ಟ್ಯಾಂಡ್‌ಗಳು ಸಿಗುತ್ತವೆ. ಜಾಗ ಕಮ್ಮಿ ಇರುವ ಅಪಾರ್ಟ್‌ಮೆಂಟ್‌ನಲ್ಲಿ ಅದು ವರವೇ. ಬ್ರಷ್ ಕೂರಿಸಲು, ಸದ್ದು ಕೇಳಲು ಚೆನ್ನಾಗಿದೆ. ಆದರೆ ಅಲ್ಲಿ ತಿರುವಿಲ್ಲ, ಎಳೆಯುವ ಹೊರೆ ಇಲ್ಲ. ಹಾಗಾಗಿ ರೋಲರ್ ಮೇಲೆ ಅರ್ಧ ಕೆಲಸ, ಹಳಿಯ ಮೇಲೆ ಉಳಿದರ್ಧ ಅಂತ ಇಟ್ಟುಕೊಳ್ಳಿ.

ಕೋರ್‌ಲೆಸ್ ಮೋಟಾರಿನ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಬ್ರಷ್‌ಗಳು ಹೆಚ್ಚಾಗಿ ಕಾರ್ಬನ್ ಅಲ್ಲ, ತೆಳು ಲೋಹದ ಎಳೆಗಳು, ಅವಕ್ಕೆ ಇಷ್ಟು ಸವೆತ ಬೇಕಿಲ್ಲ. ಗೇರುಗಳಿಗಾಗಿ ಮಾತ್ರ ಪಳಗಿಸಿ. ಹಳೆಯ ಕಾಲದ ಪಲ್ಸ್ ಕೊಡುವ ಕಂಟ್ರೋಲರ್, ಹೈ ಫ್ರೀಕ್ವೆನ್ಸಿಯ ಹಳಿ ಸ್ವಚ್ಛಕ ಎರಡನ್ನೂ ಕೋರ್‌ಲೆಸ್ ಎಂಜಿನ್ ಇರುವ ಹಳಿಗೆ ಜೋಡಿಸಬೇಡಿ.

ಅಂಕಿ ಬರೆದಿಡಿ, ಕಿವಿ ಕೊಡಿ

ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ನಲ್ಲಿ, ಬೇರೆ ಊರಲ್ಲಿ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಾಧಾರಣ ಮಲ್ಟಿಮೀಟರ್ ಸಿಗುತ್ತದೆ. ಕಂಟ್ರೋಲರಿನಿಂದ ಹಳಿಗೆ ಹೋಗುವ ಎರಡು ವೈರಿನಲ್ಲಿ ಒಂದನ್ನ ಬಿಡಿಸಿ, ಮೀಟರನ್ನ ನಡುವೆ ಸೇರಿಸಿ. ಕೆಂಪು ವೈರು 10 ಆಂಪಿಯರ್ ಅಂತ ಬರೆದ ತೂತಿಗೆ. ಕೆಲಸ ಮುಗಿದ ಕೂಡಲೇ ಅದನ್ನ ವೋಲ್ಟಿನ ತೂತಿಗೆ ವಾಪಸ್ ಹಾಕಿ. ಮರೆತು ಹಾಗೇ ವೋಲ್ಟೇಜ್ ನೋಡಲು ಹೋದರೆ ನೇರ ಶಾರ್ಟ್ ಆಗುತ್ತದೆ. ಈಗಿನ ಎಂಜಿನ್ ಡಬ್ಬಿ ಇಲ್ಲದೆ ಓಡುವಾಗ ಸಾಮಾನ್ಯವಾಗಿ 0.1ರಿಂದ 0.3 ಆಂಪಿಯರ್ ಎಳೆಯುತ್ತದೆ. ಹಳೆಯ ತೆರೆದ ಮೋಟಾರಿನವು ಅರ್ಧ ಆಂಪಿಯರ್, ಅದಕ್ಕಿಂತ ಜಾಸ್ತಿಯೂ ಎಳೆಯುತ್ತವೆ. ಪಳಗಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಅಳೆದು ಡಬ್ಬದ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆಯಿರಿ. ಅಂಕಿ ಇಳಿದಿದ್ದರೆ, ಮುಳ್ಳಾಡದೆ ಒಂದೇ ಕಡೆ ನಿಂತಿದ್ದರೆ ಪಳಗಿದೆ ಅಂತ ಅರ್ಥ. ಮುಂದೆ ಎರಡು ವರ್ಷದ ಮೇಲೆ ಅದು ಮತ್ತೆ ಏರಿದ್ದರೆ ಎಲ್ಲೋ ಒಣಗಿದೆ ಅಥವಾ ಬಿಗಿದಿದೆ ಅಂತ ಆ ಬರಹವೇ ಹೇಳುತ್ತದೆ.

ಕಿವಿಯೂ ಅಷ್ಟೇ ಒಳ್ಳೆಯ ಮೀಟರ್. ಎಂಜಿನ್ನನ್ನ ಆದಷ್ಟು ನಿಧಾನಕ್ಕೆ ಬಿಟ್ಟು, ಎಷ್ಟು ದೂರಕ್ಕೊಮ್ಮೆ ತಡವರಿಸುತ್ತದೆ ಅಂತ ನೋಡಿ. ನಮ್ಮ ಡಬ್ಲ್ಯೂಡಿಎಂ-2 ಡೀಸೆಲಿನ ಗಾಲಿಯ ವ್ಯಾಸ 1092 ಮಿ.ಮೀ. ಎಚ್‌ಓದಲ್ಲಿ ಅದು ಸುಮಾರು 12.5 ಮಿ.ಮೀ., ಅಂದರೆ ಒಂದು ಸುತ್ತಿಗೆ ಹತ್ತಿರ ಹತ್ತಿರ 4 ಸೆಂ.ಮೀ. ಹಳಿಯ ಮೇಲೆ ಪ್ರತಿ 4 ಸೆಂ.ಮೀ.ಗೆ ಒಮ್ಮೆ ಸರಿಯಾಗಿ ಒಂದು ಕುಲುಕು ಬಂದರೆ ದೋಷ ಗಾಲಿಯದು ಅಥವಾ ಅಚ್ಚಿನ ಮೇಲಿನ ಗೇರಿನದು. ಲೋಹದ ಅಚ್ಚಿಗೆ ಬಿಗಿಯಾಗಿ ಕೂರಿಸಿದ ಪ್ಲಾಸ್ಟಿಕ್ ಗೇರು ವರ್ಷ ಕಳೆದಂತೆ ಸೀಳುತ್ತದೆ. ಸೀಳಿದ ಜಾಗದಲ್ಲಿ ಎರಡು ಹಲ್ಲಿನ ನಡುವೆ ಅಂತರ ಜಾಸ್ತಿಯಾಗಿ ಪ್ರತಿ ಸುತ್ತಿಗೂ ಟಿಕ್ ಅನ್ನುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸೀಳೂ ಸಾಕು. ಕುಲುಕು ಅದಕ್ಕಿಂತ ತುಂಬಾ ಹತ್ತಿರ ಹತ್ತಿರ ಬಂದರೆ ವರ್ಮ್ ಅಥವಾ ಮೋಟಾರಿನ ಕಡೆ ನೋಡಿ. ಲೆಕ್ಕಕ್ಕೇ ಸಿಗದೆ ಎಲ್ಲೆಲ್ಲೋ ನಿಲ್ಲುತ್ತಿದ್ದರೆ ಅದು ಗೇರಲ್ಲ, ಕೊಳೆ. ಯಾವಾಗಲೂ ಹಳಿಯ ಒಂದೇ ಜಾಗದಲ್ಲಿ ನಿಂತರೆ ಹಳಿಯದೇ ತಪ್ಪು.

ಮುಂದಕ್ಕೆ ಸದ್ದಿಲ್ಲದೆ ಹೋಗಿ ಹಿಂದಕ್ಕೆ ಕಿರುಗುಟ್ಟುವ ಎಂಜಿನ್ ಇದೆಯಾ? ವರ್ಮ್ ತಿರುಗುವ ದಿಕ್ಕಿಗೆ ತಕ್ಕಂತೆ ತನ್ನ ದಂಡವನ್ನ ಮುಂದಕ್ಕೋ ಹಿಂದಕ್ಕೋ ತಳ್ಳುತ್ತದೆ. ಒಂದು ಕಡೆಯ ವಾಷರಿನಲ್ಲಿ ಎಣ್ಣೆ ಇಲ್ಲದಿದ್ದರೆ ಅಥವಾ ಪ್ಲೇ, ಅಂದರೆ ದಂಡ ಹಿಂದೆಮುಂದೆ ಆಡುವ ಸಡಿಲ, ಜಾಸ್ತಿ ಇದ್ದರೆ ಆ ಕಡೆಗೆ ಮಾತ್ರ ಸದ್ದು ಬರುತ್ತದೆ. ಅಲ್ಲಿಗೆ ಒಂದು ತೊಟ್ಟು ಎಣ್ಣೆ, ಬೇಕಾದರೆ ತೆಳುವಾದ ಒಂದು ವಾಷರ್. ಪ್ಲೇ ಪೂರ್ತಿ ತೆಗೆದುಬಿಡಬೇಡಿ, ಒಂದು ಕಾಗದದ ದಪ್ಪದಷ್ಟು ಆಡಲು ಜಾಗ ಬೇಕೇ ಬೇಕು.

ಸೀಳಿದ ಗೇರು, ವಾಲಾಡುವ ಗಾಲಿ, ಉಗಿ ಎಂಜಿನ್‌ನಲ್ಲಿ ಎಡಬಲ ಗಾಲಿಗಳ ಕ್ರ್ಯಾಂಕುಗಳ ನಡುವೆ ಇರಬೇಕಾದ 90 ಡಿಗ್ರಿ ಕೋನ ತಪ್ಪಿರುವುದು, ಇವು ಎಷ್ಟು ಓಡಿಸಿದರೂ ಸರಿಹೋಗುವುದಿಲ್ಲ. ಹೊಸ ಎಂಜಿನ್ನಲ್ಲಿ ಕಂಡರೆ ವಾರಂಟಿ ಇರುವಾಗಲೇ ಮಾರಿದವರಿಗೆ ತಿಳಿಸಿ. ಸುಮ್ನೆ ಇನ್ನೂ ಹತ್ತು ಗಂಟೆ ಓಡಿಸಿ ನೋಡೋಣ ಅಂತ ಕಾಯಬೇಡಿ.

ಎಣ್ಣೆ

ಎಲ್ಲಕ್ಕಿಂತ ಹೆಚ್ಚು ಎಂಜಿನ್‌ಗಳು ಹಾಳಾಗುವುದು ಎಣ್ಣೆ ಕಮ್ಮಿಯಾಗಿ ಅಲ್ಲ, ಜಾಸ್ತಿಯಾಗಿ ಅನ್ನೋದು ನನ್ನ ನಂಬಿಕೆ. ಸೂಜಿಯ ತುದಿಯಲ್ಲಿ ನಿಂತಷ್ಟು ಎಣ್ಣೆ ಒಂದು ಬೇರಿಂಗಿಗೆ ಸಾಕು. ಮೋಟಾರಿನ ಎರಡೂ ಕೊನೆಯ ಬೇರಿಂಗು, ಅಚ್ಚಿನ ತುದಿಗಳು, ಉಗಿ ಎಂಜಿನ್ನಾದರೆ ರಾಡುಗಳ ಕೀಲು, ಇಷ್ಟಕ್ಕೆ ತೆಳು ಎಣ್ಣೆ. ಗೇರಿಗೆ ಗ್ರೀಸು, ಅದೂ ಒಂದೆರಡು ಹಲ್ಲಿಗೆ ಸವರಿದರೆ ಸಾಕು, ತಿರುಗುತ್ತ ತಾನೇ ಹರಡುತ್ತದೆ. ಕಮ್ಯುಟೇಟರಿಗೆ, ಗಾಲಿಗೆ ತಾಗಿ ಕರೆಂಟು ತರುವ ಪಿಕಪ್ ಪಟ್ಟಿಗೆ, ಗಾಲಿಯ ಮೇಲ್ಮೈಗೆ ಎಣ್ಣೆ ಬೀಳಲೇಬಾರದು. ಕಮ್ಯುಟೇಟರಿಗೆ ಇಳಿದ ಎಣ್ಣೆ ಕಾರ್ಬನ್ ಪುಡಿ ಜೊತೆ ಸೇರಿ ಕಪ್ಪು ಅಂಟಾಗುತ್ತದೆ, ಅದು ಸೀಳುಗಳಲ್ಲಿ ತುಂಬಿ ಮೋಟಾರನ್ನ ಒಳಗೇ ಶಾರ್ಟ್ ಮಾಡುತ್ತದೆ.

ಪ್ಲಾಸ್ಟಿಕ್ಕಿಗೆ ಹಾನಿಯಿಲ್ಲ ಅಂತ ಬರೆದಿರುವ ಎಣ್ಣೆಯನ್ನೇ ತನ್ನಿ. ಲಾಬೆಲ್ ಕಂಪನಿಯ 108 ನಂಬರಿನ ತೆಳು ಎಣ್ಣೆ, 106 ನಂಬರಿನ ಬಿಳಿ ಗ್ರೀಸು ಈ ಹವ್ಯಾಸದವರಿಗೆ ಚೆನ್ನಾಗಿ ಗೊತ್ತಿರುವವು. ಹೊಲಿಗೆ ಮೆಷಿನ್ ಎಣ್ಣೆಯನ್ನ ಲೋಹದ ಬೇರಿಂಗಿಗೆ ಹಾಕಬಹುದು, ಪ್ಲಾಸ್ಟಿಕ್ ಗೇರಿನ ಹತ್ತಿರ ಬೇಡ. ಡಬ್ಲ್ಯೂಡಿ-40 ಸಿಂಪಡಿಸಬೇಡಿ, ಎಲ್ಲಿ ಬೀಳಬಾರದೋ ಅಲ್ಲೆಲ್ಲ ಬೀಳುತ್ತದೆ. ತೆಂಗಿನೆಣ್ಣೆಯಂತೂ ಬೇಡವೇ ಬೇಡ. ಅದು 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿನ ಬಚ್ಚಲುಮನೆಯ ಬಾಟಲಿಯಲ್ಲಿ ಆಗುವುದೇ ಮೋಟಾರಿನ ಬೇರಿಂಗಿನಲ್ಲೂ ಆಗುತ್ತದೆ, ಬೇಸಿಗೆಯಲ್ಲಿ ಕರಗಿದರೂ ಕಾಲಕ್ರಮೇಣ ಜಿಗುಟಾಗುತ್ತದೆ.

ಸೆಕೆಂಡ್ ಹ್ಯಾಂಡ್ ಎಂಜಿನ್ ಅಥವಾ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಎಂಜಿನ್ ತಂದಿದ್ದರೆ ಓಡಿಸುವ ಮೊದಲೇ ತಳದ ಮುಚ್ಚಳ ತೆಗೆದು ನೋಡಿ. ಹಳೆಯ ಗ್ರೀಸು ಹಳದಿಯಾಗಿ ಮೇಣದಂತೆ ಗಟ್ಟಿಯಾಗಿರುತ್ತದೆ. ಹೊಸ ಎಣ್ಣೆಯನ್ನ ಅದರ ಮೇಲೆ ಸುರಿದರೆ ಪ್ರಯೋಜನವಿಲ್ಲ. ಹಲ್ಲುಕಡ್ಡಿಯಿಂದ ಕೆರೆದು, ಹಳೆಯ ಟೂತ್‌ಬ್ರಷ್ಷಿಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಲ್ಲು ಹಲ್ಲೂ ಉಜ್ಜಿ, ಒಣಗಿದ ಮೇಲೆ ಹೊಸ ಗ್ರೀಸು ಹಾಕಿ.

ಕರೆಂಟು ಗಾಲಿಯವರೆಗೆ ಬರಲಿ

ಪಳಗಿದ ಎಂಜಿನ್ ಇನ್ನೂ ನಿಧಾನದಲ್ಲಿ ತಡವರಿಸಿದರೆ ಬಹುಪಾಲು ಕಾರಣ ಇದು. ನಿಧಾನಕ್ಕೆ ಹೋಗುವಾಗ ಎಂಜಿನ್ನಿಗೆ ವೇಗದ ಆಸರೆ ಇರುವುದಿಲ್ಲ. ಒಂದು ಕ್ಷಣ ಕರೆಂಟು ತಪ್ಪಿದರೂ ಅಲ್ಲೇ ನಿಲ್ಲುತ್ತದೆ.

ಪಳಗಿಸುವಾಗಲೇ ಗಾಲಿಗೆ ಕಪ್ಪು ಕೊಳೆ ಮೆತ್ತಿರುತ್ತದೆ, ಅದನ್ನ ತೆಗೆಯೋಣ. ಅಡುಗೆಮನೆಯ ಟಿಶ್ಯೂ ಒಂದನ್ನ ಐಸೋಪ್ರೊಪೈಲಿನಲ್ಲಿ ಸ್ವಲ್ಪವೇ ಒದ್ದೆ ಮಾಡಿ ಹಳಿಯ ಮೇಲೆ ಅಡ್ಡ ಹಾಸಿ. ಎಂಜಿನ್ನಿನ ಒಂದು ತುದಿಯ ಗಾಲಿಗಳು ಟಿಶ್ಯೂ ಮೇಲೆ, ಇನ್ನೊಂದು ತುದಿಯವು ಬರಿ ಹಳಿಯ ಮೇಲೆ ಇರಲಿ. ಎಂಜಿನ್ನನ್ನ ಕೈಯಲ್ಲಿ ಹಗುರವಾಗಿ ಹಿಡಿದು ಕರೆಂಟು ಕೊಡಿ. ಬರಿ ಹಳಿಯ ಗಾಲಿ ಕರೆಂಟು ತರುತ್ತದೆ, ಟಿಶ್ಯೂ ಮೇಲಿನ ಗಾಲಿ ಜಾರುತ್ತ ತಿರುಗಿ ತನ್ನ ಕೊಳೆಯನ್ನ ಎರಡು ಕಪ್ಪು ಗೆರೆಗಳಾಗಿ ಬಿಟ್ಟುಹೋಗುತ್ತದೆ. ಗೆರೆ ಬೀಳುವುದು ನಿಲ್ಲುವವರೆಗೆ ಟಿಶ್ಯೂ ಸರಿಸುತ್ತ ಮಾಡಿ, ಆಮೇಲೆ ತುದಿ ಬದಲಿಸಿ. ಐಸೋಪ್ರೊಪೈಲ್ ಬೇಗ ಹೊತ್ತಿಕೊಳ್ಳುವ ದ್ರವ. ಟಿಶ್ಯೂ ತೊಟ್ಟಿಕ್ಕುವಷ್ಟು ಒದ್ದೆ ಬೇಡ, ಕಿಟಕಿ ತೆರೆದಿರಲಿ, ಬಾಟಲಿಗೆ ಮುಚ್ಚಳ ಹಾಕಿ ದೂರ ಇಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಇದಕ್ಕೆ ಬದಲಿ ಅಲ್ಲ, ಅದರಲ್ಲಿರುವ ಗ್ಲಿಸರಿನ್ ಹಳಿಯ ಮೇಲೆ ಉಳಿಯುತ್ತದೆ.

ಗಾಲಿಯನ್ನಾಗಲೀ ಹಳಿಯನ್ನಾಗಲೀ ಮರಳು ಕಾಗದದಿಂದ ಉಜ್ಜಬೇಡಿ. ಗೀರು ಬಿದ್ದ ಜಾಗದಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ನಂತರ ಮಲ್ಟಿಮೀಟರನ್ನ ಬೀಪ್ ಅನ್ನುವ ಕಡೆ ಇಟ್ಟು, ಒಂದು ಮುಳ್ಳನ್ನ ಮೋಟಾರಿಗೆ ಅಥವಾ ಸರ್ಕ್ಯೂಟ್ ಬೋರ್ಡಿಗೆ ಹೋಗುವ ವೈರಿಗೆ, ಇನ್ನೊಂದನ್ನ ಅದೇ ಪಕ್ಕದ ಒಂದೊಂದೇ ಗಾಲಿಗೆ ಮುಟ್ಟಿಸಿ. ಕರೆಂಟು ತರಬೇಕಾದ ಎಲ್ಲ ಗಾಲಿಯೂ ಬೀಪ್ ಅನ್ನಬೇಕು. ಸುಮ್ಮನಿರುವ ಗಾಲಿಯ ಹಿಂದೆ ನೋಡಿ: ತಾಮ್ರದ ಬಣ್ಣದ ತೆಳು ಫಾಸ್ಫರ್ ಬ್ರಾಂಜ್ ಪಟ್ಟಿ ಗಾಲಿಯ ಬೆನ್ನಿಗೆ ತಾಗದೆ ಕೂದಲೆಳೆಯಷ್ಟು ದೂರ ನಿಂತಿರುತ್ತದೆ. ಚಿಮಟದಿಂದ ಅದನ್ನ ಹಗುರವಾಗಿ ಬಾಗಿಸಿ, ಗಾಲಿ ಪಕ್ಕಕ್ಕೆ ಎಷ್ಟು ಸರಿದರೂ ತಾಗುತ್ತಲೇ ಇರುವಂತೆ ಮಾಡಿ. ಜಾಸ್ತಿ ಒತ್ತಿದರೆ ಬ್ರೇಕ್ ಹಾಕಿದಂತೆ ಆಗುತ್ತದೆ. ಮೀಟರಿನಲ್ಲಿ ಆಂಪಿಯರ್ ಏರಿದ್ದರೆ ಒತ್ತಡ ಜಾಸ್ತಿಯಾಗಿದೆ.

ಹಳಿಯ ಕಡೆಯೂ ನೋಡಿ. ಹಳಿ ತುಂಡುಗಳನ್ನ ಸೇರಿಸುವ ಫಿಶ್‌ಪ್ಲೇಟ್‌ಗಳು ಕಾಲ ಕಳೆದಂತೆ ಸಡಿಲವಾಗುತ್ತವೆ, ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ವೋಲ್ಟೇಜ್ ಕಳೆಯುತ್ತದೆ. ಕಂಟ್ರೋಲರಿನಿಂದ ದೂರ ಹೋದಂತೆ ಎಂಜಿನ್ ನಿಧಾನವಾದರೆ ಇದೇ ಕಾರಣ. ಖಾಯಂ ಲೇಔಟ್ ಆದರೆ ಎರಡು ಮೂರು ತುಂಡಿಗೊಮ್ಮೆ ಎರಡೂ ಹಳಿಗೆ ವೈರು ಬೆಸೆದು ಕೆಳಗಿನಿಂದ ಕರೆಂಟು ಕೊಡಿ.

ತೂಕ

ತೂಕ ಹೆಚ್ಚಿದರೆ ಎಳೆಯುವ ಶಕ್ತಿಯೂ ಹೆಚ್ಚುತ್ತದೆ, ಗಾಲಿ ಹಳಿಗೆ ಒತ್ತಿ ಕೂತು ಕರೆಂಟೂ ಚೆನ್ನಾಗಿ ಬರುತ್ತದೆ. ಚಿಕ್ಕ ಶಂಟಿಂಗ್ ಎಂಜಿನ್‌ಗಳಿಗೆ ಇದರಿಂದ ತುಂಬಾ ಲಾಭ. ಕಾರಿನ ವೀಲ್ ಬ್ಯಾಲೆನ್ಸಿಂಗ್ ಮಾಡುವ ಅಂಗಡಿಯಲ್ಲಿ 5 ಗ್ರಾಂ, 10 ಗ್ರಾಂನ ಅಂಟಿನ ಪಟ್ಟಿಗಳು ಸಿಗುತ್ತವೆ, ಕೇಳಿದರೆ ಒಂದೆರಡು ಪಟ್ಟಿ ಕೊಡುತ್ತಾರೆ. ಕ್ಯಾಬಿನ್ ಒಳಗೆ, ಛಾವಣಿಯ ಕೆಳಗೆ ಎಲ್ಲಿ ಜಾಗವಿದೆಯೋ ಅಲ್ಲಿ ಕೂರಿಸಿ. ಲೋಹ ಸರ್ಕ್ಯೂಟ್ ಬೋರ್ಡಿಗೆ ತಾಗದಂತೆ ಟೇಪ್ ಸುತ್ತಿ. ಸೀಸದ ಗುಂಡು ಬಳಸುವವರು ಅದನ್ನ ಬಿಳಿ ಫೆವಿಕಾಲಿನಂಥ ಅಂಟಿನಲ್ಲಿ ಕೂರಿಸಬೇಡಿ. ಆ ಅಂಟಿನೊಳಗೆ ಸೀಸ ನಿಧಾನಕ್ಕೆ ರಾಸಾಯನಿಕವಾಗಿ ಬದಲಾಗಿ ಉಬ್ಬುತ್ತದೆ, ಕೆಲವು ವರ್ಷದ ಮೇಲೆ ಎಂಜಿನ್ನಿನ ಮೈಯನ್ನೇ ಸೀಳುತ್ತದೆ. ಎಪಾಕ್ಸಿ ಬಳಸಿ, ಸೀಸ ಮುಟ್ಟಿದ ಕೈ ತೊಳೆಯಿರಿ.

ತೂಕ ಎರಡೂ ಕಡೆಗೆ ಸಮ ಇರಬೇಕು. ಎಂಜಿನ್ನನ್ನ ಒಂದು ಪೆನ್ಸಿಲ್ ಮೇಲೆ ಅಡ್ಡ ಇಟ್ಟರೆ ಗಾಲಿಗಳ ಸಾಲಿನ ನಟ್ಟನಡುವೆ ಅದು ಸಮತೋಲನದಲ್ಲಿ ನಿಲ್ಲಬೇಕು. ಎಷ್ಟು ತೂಕ ಹಾಕಬಹುದು ಅನ್ನೋದಕ್ಕೂ ಒಂದು ಪರೀಕ್ಷೆ ಇದೆ. ಎಂಜಿನ್ನನ್ನ ಬೆರಳಿಂದ ತಡೆದು ಒಂದೆರಡು ಸೆಕೆಂಡು ಮಾತ್ರ ಪೂರ್ತಿ ಕರೆಂಟು ಕೊಡಿ. ಗಾಲಿ ಹಳಿಯ ಮೇಲೆ ಜಾರಿ ತಿರುಗಬೇಕು. ಗಾಲಿ ಜಾರದೆ ಮೋಟಾರೇ ನಿಂತುಬಿಟ್ಟರೆ ತೂಕ ಜಾಸ್ತಿಯಾಯಿತು, ತೆಗೆಯಿರಿ. ನಿಂತ ಮೋಟಾರಿನಲ್ಲಿ ಹರಿಯುವ ಕರೆಂಟೆಲ್ಲ ಬಿಸಿಯಾಗಿಯೇ ಹೋಗುವುದು.

ಡಿಕೋಡರ್ ಈಗ

ಇಷ್ಟೆಲ್ಲ ಆದ ಮೇಲೆ ಡಿಸಿಸಿ ಬೇಕಾದವರು ಡಿಕೋಡರ್ ಹಾಕಿ. ಡಿಕೋಡರಿನ ಒಂದೊಂದು ಸೆಟ್ಟಿಂಗಿಗೂ ಒಂದೊಂದು ನಂಬರು, ಅದಕ್ಕೆ ಸಿವಿ ಅನ್ನುತ್ತಾರೆ. ಹೊಸ ಡಿಕೋಡರಿನ ವಿಳಾಸ, ಅಂದರೆ ಎಂಜಿನ್ನನ್ನ ಕರೆಯುವ ನಂಬರು, 3 ಇರುತ್ತದೆ, ಅದು ಸಿವಿ1. ನಿಧಾನದ ಓಟಕ್ಕೆ ಮುಖ್ಯವಾದ್ದು ಸಿವಿ2, ಮೊದಲ ಹಂತದಲ್ಲಿ ಮೋಟಾರಿಗೆ ಎಷ್ಟು ವೋಲ್ಟೇಜ್ ಕೊಡಬೇಕು ಅನ್ನುವುದು. ಕಂಟ್ರೋಲರನ್ನ 1ನೇ ಹಂತದಲ್ಲಿಟ್ಟು ಸಿವಿ2ನ್ನ ಒಂದೊಂದೇ ಅಂಕಿ ಏರಿಸಿ. ಎಂಜಿನ್ ಅಲುಗಾಡಿ ಹೊರಟ ಕೂಡಲೇ ನಿಲ್ಲಿಸಿ. ಸಿವಿ5 ಗರಿಷ್ಠ ವೇಗ, ಸಿವಿ6 ನಡುವಿನ ವೇಗ. ಸಿವಿ3 ವೇಗ ಏರುವ ನಿಧಾನ, ಸಿವಿ4 ನಿಲ್ಲುವ ನಿಧಾನ. ಸಿವಿ3, ಸಿವಿ4ಕ್ಕೆ ದೊಡ್ಡ ಅಂಕಿ ಕೊಟ್ಟು ಕುಲುಕನ್ನ ಮರೆಮಾಡಲು ಹೋಗಬೇಡಿ, ಮೊದಲು ಅವನ್ನ ಸೊನ್ನೆ ಮಾಡಿ ಸಿವಿ2 ಸರಿಪಡಿಸಿ, ಆಮೇಲೆ ಏರಿಸಿ.

ಗರಿಷ್ಠ ವೇಗ ಹೊಂದಿಸಲು ಒಂದು ಸುಲಭ ಲೆಕ್ಕ. ಎಚ್‌ಓದಲ್ಲಿ 313ನ್ನ ಬೇಕಾದ ವೇಗದಿಂದ ಭಾಗಿಸಿ, ಒಂದು ಮೀಟರ್ ದಾಟಲು ಎಷ್ಟು ಸೆಕೆಂಡ್ ಅಂತ ಬರುತ್ತದೆ. ಡಬ್ಲ್ಯೂಡಿಎಂ-2ರ ಗರಿಷ್ಠ ವೇಗ 120 ಕಿ.ಮೀ., ಅಂದರೆ 2.6 ಸೆಕೆಂಡ್. ಓಓ ಆದರೆ 313ರ ಬದಲು 274. ಹೆಚ್ಚಿನ ಎಂಜಿನ್‌ಗಳು ಡಬ್ಬದಿಂದ ಬಂದ ಹಾಗೆ ಇದಕ್ಕಿಂತ ಬಹಳ ಜೋರಾಗಿ ಓಡುತ್ತವೆ. ಸಿವಿ5 ಇಳಿಸಿದರೆ ಕಂಟ್ರೋಲರಿನ ಪೂರ್ತಿ ತಿರುಗಣೆ ನಿಜವಾದ ವೇಗಗಳ ಮೇಲೆ ಹರಡಿಕೊಳ್ಳುತ್ತದೆ, ನಿಧಾನದ ಹಿಡಿತ ಇನ್ನೂ ಚೆನ್ನಾಗುತ್ತದೆ. ಕೆಲವು ಡಿಕೋಡರಿನಲ್ಲಿ ಸಿವಿ5 ಸೊನ್ನೆ ಇದ್ದರೆ ಪೂರ್ತಿ ವೇಗ ಅಂತಲೇ ಅರ್ಥ, ಗಾಬರಿಯಾಗಬೇಡಿ.

ಡಿಸಿ ಹಳಿಯಲ್ಲಿ ಓಡಿಸುವುದಿಲ್ಲ ಅಂತಾದರೆ ಸಿವಿ29ನ್ನ 6ರಿಂದ 2ಕ್ಕೆ ಇಳಿಸಿ. ಹಳಿಯಲ್ಲಿ ಶಾರ್ಟ್ ಆಗಿ ಸಿಗ್ನಲ್ ಕೆಟ್ಟಾಗ ಎಂಜಿನ್ ಅದನ್ನ ಡಿಸಿ ಅಂದುಕೊಂಡು ಪೂರ್ತಿ ವೇಗದಲ್ಲಿ ಓಡಿಹೋಗುವುದು ಇದರಿಂದ ತಪ್ಪುತ್ತದೆ. ನಾಲ್ಕಂಕಿ ವಿಳಾಸ ಇಟ್ಟಿದ್ದರೆ ಅಲ್ಲಿ 38 ಇರುತ್ತದೆ, ಅದನ್ನ 34 ಮಾಡಿ. ಏನೋ ಮಾಡಲು ಹೋಗಿ ಎಲ್ಲ ಕಲಸಿಹೋದರೆ ಬಹಳಷ್ಟು ಡಿಕೋಡರ್‌ಗಳಲ್ಲಿ ಸಿವಿ8ಕ್ಕೆ 8 ಬರೆದರೆ ಕಾರ್ಖಾನೆಯ ಸೆಟ್ಟಿಂಗಿಗೆ ಮರಳುತ್ತದೆ.

ಕ್ಷಣಹೊತ್ತು ಕರೆಂಟು ತಪ್ಪಿದರೂ ಮೋಟಾರನ್ನ ನಡೆಸುವ ಕೀಪ್-ಅಲೈವ್ ಕೆಪಾಸಿಟರ್ ನಾಲ್ಕು ಗಾಲಿಯ ಸಣ್ಣ ಎಂಜಿನ್‌ಗಳಿಗೆ ದೊಡ್ಡ ಉಪಕಾರ. ಡಿಕೋಡರಿನ ಕೈಪಿಡಿಯಲ್ಲಿ ಅದಕ್ಕೆ ಜಾಗ ತೋರಿಸಿದ್ದರೆ ಮಾತ್ರ ಹಾಕಿ. ಅದು ಇದ್ದಾಗ ಪ್ರೋಗ್ರಾಮಿಂಗ್ ಹಳಿಯಲ್ಲಿ (ಸಿವಿ ಬದಲಿಸಲು ಬೇರೆಯೇ ಇಟ್ಟ ಹಳಿ) ಸಿವಿ ಓದಲು ಆಗದೆ ಹೋಗಬಹುದು, ಆಗ ಕೆಪಾಸಿಟರಿನ ಒಂದು ವೈರು ತಾತ್ಕಾಲಿಕವಾಗಿ ಬಿಡಿಸಿ.

ಆಮೇಲೆ ಎಂಜಿನ್ ಡಬ್ಬದಲ್ಲೇ ಮಲಗಿರಲು ಬಿಡಬೇಡಿ. ತಿಂಗಳಿಗೊಮ್ಮೆ ಐದು ನಿಮಿಷ ಮುಂದಕ್ಕೆ, ಐದು ನಿಮಿಷ ಹಿಂದಕ್ಕೆ ಓಡಿಸಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಳೆಗಾಲದಲ್ಲಿ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ನೀಲಿ ಹರಳಿನದಾದರೆ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬದಲಿಸಿ.